ನೆಲಮಾಳಿಗೆಯ ಹುಡುಗರು

ಗಿಟಾರಿನಲ್ಲಿ ಬಿ-ಸೆವೆನ್ ಎಂಬ ಒಂದು ಕಾರ್ಡ್ ಇದೆ. ನಡುಬೆರಳು ಐದನೇ ತಂತಿಯ ಎರಡನೇ ಮನೆಯಲ್ಲಿ, ತೋರುಬೆರಳು ನಾಲ್ಕನೇ ತಂತಿಯ ಮೊದಲ ಮನೆಯಲ್ಲಿ, ಉಂಗುರದ ಬೆರಳು ಮೂರನೇ ತಂತಿಯ ಎರಡನೇ ಮನೆಯಲ್ಲಿ ಕೂರಬೇಕು. ಎರಡನೇ ತಂತಿಗೆ ಯಾವ ಬೆರಳೂ ತಾಗಕೂಡದು. ಇಷ್ಟಾದ ಮೇಲೆ ಕಿರುಬೆರಳನ್ನು ಚಾಚಿ ಕೆಳಗಿನ ಸಣ್ಣ ತಂತಿಯನ್ನು ಒತ್ತಬೇಕು. ಹೊಸದಾಗಿ ಕಲಿಯುವವರ ಕೈ ಇಲ್ಲಿ ಸೋಲುತ್ತದೆ. ಕಿರುಬೆರಳು ಜಾರುತ್ತದೆ, ಎರಡನೇ ತಂತಿ ಸತ್ತ ದನಿಯಲ್ಲಿ ಗೊರಗುಡುತ್ತದೆ. ಆದರೆ ಇ ಮತ್ತು ಎ ಎಂಬ ಎರಡು ಕಾರ್ಡ್ ಆಗಲೇ ಬಂದಿದ್ದವನಿಗೆ ಇದೊಂದು ಕೈಗೆ ಹತ್ತಿತೆಂದರೆ ರಾಕ್ ಅಂಡ್ ರೋಲ್‌ನ ಅರ್ಧಕ್ಕರ್ಧ ಹಾಡುಗಳು ದಕ್ಕಿದಂತೆಯೇ.

1950ರ ದಶಕದ ಕೊನೆ. ಇಂಗ್ಲೆಂಡಿನ ಬಂದರು ಪಟ್ಟಣ ಲಿವರ್‌ಪೂಲ್. ಊರಿನ ಇನ್ನೊಂದು ತುದಿಯಲ್ಲಿ ಯಾರಿಗೋ ಬಿ-ಸೆವೆನ್ ಗೊತ್ತಂತೆ ಎಂಬ ಸುದ್ದಿ ಹುಡುಗರ ಕಿವಿಗೆ ಬಿತ್ತು. ಗಿಟಾರ್ ಹೊತ್ತು ಬಸ್ಸು ಹತ್ತಿದರು, ಗುರುತು ಪರಿಚಯವಿಲ್ಲದವನ ಮನೆ ಬಾಗಿಲು ತಟ್ಟಿದರು, ಅವನ ಬೆರಳುಗಳನ್ನು ಕಣ್ಣಲ್ಲೇ ಬರೆದುಕೊಂಡು ಬಸ್ಸಿನಲ್ಲೇ ವಾಪಸಾದರು. ಈ ಪ್ರಸಂಗವನ್ನು ಅವರಲ್ಲೊಬ್ಬರಾದ, ಮುಂದೆ ಬೀಟಲ್ಸ್ ತಂಡದವರಾದ ಪಾಲ್ ಮೆಕಾರ್ಟ್ನಿ ಬದುಕಿಡೀ ಹೇಳಿಕೊಂಡು ಬಂದಿದ್ದಾರೆ. ಕಲಿಸುವ ಮೇಷ್ಟ್ರಿರಲಿಲ್ಲ, ಪುಸ್ತಕ ಕೊಳ್ಳಲು ಕಾಸಿರಲಿಲ್ಲ. ಒಂದು ಕಾರ್ಡಿಗಾಗಿ ಊರು ದಾಟುವ ಹಂಬಲವೊಂದಿತ್ತು.

ಬೀಟಲ್ಸ್ ಎಂದರೆ ಜಗತ್ತು ಗೆದ್ದ ನಾಲ್ವರು ಎಂದೇ ನಮಗೆ ಪರಿಚಯ. ಹೃಷಿಕೇಶದ ಆಶ್ರಮ, ರವಿಶಂಕರರ ಸಿತಾರ್, ಕಿರಿಚಾಡುವ ಹುಡುಗಿಯರ ಹಿಂಡು, ಎಲ್ಲವೂ ಆಮೇಲಿನ ಮಾತು. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಹಿಂದಿನ ಆರು ವರ್ಷ. 1956ರಿಂದ 1962ರವರೆಗೆ ಅವರು ಲಿವರ್‌ಪೂಲಿನ ನೂರಾರು ತಂಡಗಳಲ್ಲಿ ಒಂದು ತಂಡ ಮಾತ್ರ. ಚರ್ಚಿನ ಜಾತ್ರೆಗೂ ಮದುವೆಮನೆಗೂ ನೃತ್ಯಕೂಟಕ್ಕೂ ಸಿಗುತ್ತಿದ್ದ ಹುಡುಗರು. ಎಷ್ಟೋ ಸಲ ಡ್ರಮ್ ಬಾರಿಸಲು ಜನವೇ ಇರುತ್ತಿರಲಿಲ್ಲ. ಆ ತಂಡ ಒಂದಾಗಿ ಕೂಡಿಬಂದ ಬಗೆಯನ್ನು ನೋಡುತ್ತ ಹೋದರೆ ಪ್ರತಿಭೆಯ ಜೊತೆಜೊತೆಗೇ ಇನ್ನೊಂದು ಎಳೆ ಕಾಣುತ್ತದೆ. ಕೆಟ್ಟದಾಗಿ ನುಡಿಸುತ್ತಿದ್ದ ಈ ಹುಡುಗರಿಗೆ ಯಾರೋ ಒಬ್ಬರು ಪ್ರತಿಸಲವೂ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಹಾಗೆ ಕೊಟ್ಟವರಲ್ಲಿ ಹೆಚ್ಚಿನವರು ತಾಯಂದಿರು.

ಕಾಲವೂ ಕೊಂಚ ಅನುಕೂಲವಾಗಿತ್ತು. 1956ರ ಜನವರಿಯಲ್ಲಿ ಲಾನಿ ಡೊನೆಗನ್ ಎಂಬ ಗಾಯಕನ 'ರಾಕ್ ಐಲಂಡ್ ಲೈನ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿ ಸೇರಿತು. ಆ ಬಗೆಯ ಹಾಡಿಗೆ ಸ್ಕಿಫಲ್ ಎಂದು ಹೆಸರು. ಅದಕ್ಕೆ ಬೇಕಾದ ಸಾಮಾನು ಬಹುಮಟ್ಟಿಗೆ ಮನೆಯಲ್ಲೇ ಸಿಗುತ್ತಿತ್ತು. ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಬೆರಳಿಗೆ ಹಾಕಿಕೊಂಡ ಅಂಗುಸ್ತಾನದಿಂದ ಕೆರೆದರೆ ತಾಳ. ಚಹಾ ಪೆಟ್ಟಿಗೆಯನ್ನು ಬೋರಲು ಹಾಕಿ, ಅದಕ್ಕೊಂದು ಪೊರಕೆಯ ಕೋಲು ನಿಲ್ಲಿಸಿ, ಕೋಲಿನ ತುದಿಯಿಂದ ಪೆಟ್ಟಿಗೆಗೆ ದಾರ ಬಿಗಿದರೆ ಬೇಸ್. ಭಾರತದಿಂದಲೂ ಸಿಲೋನಿನಿಂದಲೂ ಚಹಾ ತುಂಬಿಕೊಂಡು ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳು ಬಂದರು ಊರಿನಲ್ಲಿ ಬೇಕಾದಷ್ಟು. ಕೋಲನ್ನು ಹಿಂದಕ್ಕೆ ಎಳೆದು ದಾರ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ನಿಖರ ಸ್ವರ ಹುಟ್ಟುವುದಿಲ್ಲ ನಿಜ, ಗುಂಯ್ ಎನ್ನುವ ಒಂದು ಆಧಾರವಂತೂ ಸಿಗುತ್ತದೆ. ಡೊನೆಗನ್ ಬಂದ ಮೇಲೆ ಬ್ರಿಟನ್ನಿನ ಬೀದಿ ಬೀದಿಯಲ್ಲಿ ಹುಡುಗರು ತಂಡ ಕಟ್ಟಿದರು.

ಇನ್ನೊಂದು ಕಾರಣವನ್ನು ಜನ ಅಷ್ಟಾಗಿ ಹೇಳುವುದಿಲ್ಲ, ನನಗೆ ಮಾತ್ರ ಅದು ದೊಡ್ಡದು. ಯುದ್ಧ ಮುಗಿದ ಮೇಲೂ ಬ್ರಿಟನ್ನಿನ ಹದಿನೆಂಟು ದಾಟಿದ ಹುಡುಗರಿಗೆ ಕಡ್ಡಾಯ ಸೇನಾಸೇವೆ ಇತ್ತು. ಅದನ್ನು ನಿಲ್ಲಿಸುವ ತೀರ್ಮಾನವಾದಾಗ, 1939ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರನ್ನು ಸೇನೆಗೆ ಕರೆಯಲಿಲ್ಲ. ಈ ತಂಡ ಕಟ್ಟಿದ ಜಾನ್ ಲೆನನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು. ಒಂದೆರಡು ವರ್ಷ ಮೊದಲು ಹುಟ್ಟಿದ್ದರೆ ಅವನ ಕೈಗೆ ಬಂದೂಕು ಬರುತ್ತಿತ್ತು. ಗುಂಪು ಒಡೆಯದೆ ಉಳಿಯಿತು.

ಜಾನ್ ಬೆಳೆದದ್ದು ದೊಡ್ಡಮ್ಮ ಮಿಮಿಯ ಮನೆಯಲ್ಲಿ, ಮೆನ್‌ಲವ್ ಅವೆನ್ಯೂ ರಸ್ತೆಯ 251ನೇ ಸಂಖ್ಯೆಯಲ್ಲಿ. ಹೆತ್ತ ತಾಯಿ ಜೂಲಿಯಾ ಇದ್ದದ್ದು ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಮನೆಯಲ್ಲಿ. ಜೂಲಿಯಾಗೆ ಬ್ಯಾಂಜೊ ಬರುತ್ತಿತ್ತು. ಅಂಚೆಯಲ್ಲಿ ತರಿಸಿದ ಗ್ಯಾಲೊಟೋನ್ ಚಾಂಪಿಯನ್ ಎಂಬ ಅಗ್ಗದ ಗಿಟಾರನ್ನು ಮಗನ ಕೈಗಿಟ್ಟು, ತನಗೆ ಗೊತ್ತಿದ್ದ ಬ್ಯಾಂಜೊ ಕಾರ್ಡುಗಳನ್ನೇ ಅವರು ಕಲಿಸಿಕೊಟ್ಟರು. ಹೀಗಾಗಿ ಜಾನ್ ಬಹಳ ದಿನ ಗಿಟಾರಿನ ಆರು ತಂತಿಗಳಲ್ಲಿ ನಾಲ್ಕನ್ನಷ್ಟೇ ನುಡಿಸುತ್ತಿದ್ದ. ಮಿಮಿಗೆ ಈ ಗದ್ದಲ ಸೇರುತ್ತಿರಲಿಲ್ಲ. ಗಿಟಾರಿನಿಂದ ಹೊಟ್ಟೆ ತುಂಬುವುದಿಲ್ಲ ಎಂದೇ ಅವರ ಗಟ್ಟಿ ನಂಬಿಕೆ. ಹಾಗೆಂದು ಗಿಟಾರನ್ನು ಕಿತ್ತಿಡಲೂ ಇಲ್ಲ, ಮುಂಬಾಗಿಲಿನ ಗಾಜಿನ ಪಡಸಾಲೆಗೆ ಹುಡುಗನನ್ನು ಅಟ್ಟಿದರು. ಇಬ್ಬರು ನಿಲ್ಲುವಷ್ಟೇ ಜಾಗವಿದ್ದ ಆ ಪಡಸಾಲೆಯ ಗಾಜಿಗೂ ಹೆಂಚಿಗೂ ಬಡಿದು ದನಿ ಚೆನ್ನಾಗಿ ಮಾರ್ದನಿಸುತ್ತಿತ್ತು. ಜೂಲಿಯಾ ಮನೆಯಲ್ಲಂತೂ ಹುಡುಗರೆಲ್ಲ ಬಚ್ಚಲಿಗೇ ನುಗ್ಗುತ್ತಿದ್ದರು, ಹಾಡು ಅಲ್ಲಿ ಇನ್ನೂ ಚೆನ್ನಾಗಿ ಮೊಳಗುತ್ತದೆಂದು.

ಜಾನ್ ಓದುತ್ತಿದ್ದ ಶಾಲೆ ಕ್ವಾರಿ ಬ್ಯಾಂಕ್, ತಂಡದ ಹೆಸರು ಕ್ವಾರಿಮೆನ್. ಮೊದಲ ಸದಸ್ಯರೆಲ್ಲ ಅಕ್ಕಪಕ್ಕದ ಗೆಳೆಯರು. ಒಗೆಯುವ ಹಲಗೆ ಕೆರೆಯುತ್ತಿದ್ದ ಪೀಟ್ ಶಾಟನ್‌ಗೆ ಸಂಗೀತವೆಂದರೆ ಅಷ್ಟಕ್ಕಷ್ಟೇ. ಕಾಲಿನ್ ಹ್ಯಾಂಟನ್ ಸೇರಿದ್ದಕ್ಕೆ ಮುಖ್ಯ ಕಾರಣ ಅವನ ಬಳಿ ಡ್ರಮ್ ಇದ್ದದ್ದು. ಊರ ತಂಡ ಶುರುವಾಗುವುದೇ ಹೀಗೆ. ಮೊದಲು ಸ್ನೇಹ, ಆಮೇಲೆ ಯಾರ ಮನೆಯಲ್ಲಿ ಯಾವ ವಾದ್ಯ ಇದೆ ಎಂಬ ಲೆಕ್ಕ. ಯಾರಿಗೆ ನುಡಿಸಲು ಬರುತ್ತದೆ ಎಂಬ ಪ್ರಶ್ನೆ ಏಳುವುದು ತಡವಾಗಿ. ಎದ್ದ ಮೇಲೆ ಅದು ನೋಯಿಸುತ್ತದೆ. ಒಂದು ದಿನ ಜಾನ್ ಆ ತಗಡಿನ ಹಲಗೆಯನ್ನು ಶಾಟನ್ ತಲೆಯ ಮೇಲೆ ಬಡಿದು ಮುರಿದ. ಹಲಗೆಯ ಚೌಕಟ್ಟು ಕೊರಳಿಗೆ ಹಾರವಾಯಿತು. ಇನ್ನು ನುಡಿಸಬೇಕಾಗಿಲ್ಲ ಎಂದು ಶಾಟನ್‌ಗೂ ನಿರಾಳ, ಹೇಳಲಾರದ ಮಾತು ಮುಗಿಯಿತೆಂದು ಜಾನ್‌ಗೂ ನಿರಾಳ. ಸ್ನೇಹ ಮಾತ್ರ ಕಡೆಯವರೆಗೂ ಉಳಿಯಿತು.

1957ರ ಜುಲೈ 6, ಶನಿವಾರ. ವೂಲ್ಟನ್ ಬಡಾವಣೆಯ ಸೇಂಟ್ ಪೀಟರ್ಸ್ ಚರ್ಚಿನ ವಾರ್ಷಿಕ ಉತ್ಸವ. ಕ್ವಾರಿಮೆನ್ ಹುಡುಗರು ಲಾರಿಯ ಮೇಲೆ ಕೂತು ಮೆರವಣಿಗೆಯಲ್ಲಿ ನುಡಿಸಿದರು, ಮಧ್ಯಾಹ್ನ ಚರ್ಚಿನ ಹಿಂದಿನ ಬಯಲಿನಲ್ಲಿ ನುಡಿಸಿದರು. ರಾತ್ರಿಯ ನೃತ್ಯಕೂಟಕ್ಕೆ ಸಜ್ಜಾಗುತ್ತಿದ್ದಾಗ ಐವನ್ ವಾನ್ ಎಂಬ ಗೆಳೆಯ ತನ್ನ ಸಹಪಾಠಿ ಪಾಲ್‌ನನ್ನು ಕರೆತಂದು ಪರಿಚಯ ಮಾಡಿಸಿದ. ಪಾಲ್‌ಗೆ ಆಗ 15, ಜಾನ್‌ಗೆ 16.

ಆ ಹಿಂದಿನ ಅಕ್ಟೋಬರಿನಲ್ಲಿ ಪಾಲ್‌ನ ತಾಯಿ ಮೇರಿ ತೀರಿಹೋಗಿದ್ದರು. ಅವರು ದಾದಿಯಾಗಿದ್ದವರು, ಸೂಲಗಿತ್ತಿಯ ಕೆಲಸವನ್ನೂ ಮಾಡಿದವರು. ಹುಡುಗ ದುಃಖವನ್ನೆಲ್ಲ ಗಿಟಾರಿಗೆ ಸುರಿಯುತ್ತಿದ್ದ ಕಾಲ ಅದು. ಎಡಗೈ ಅಭ್ಯಾಸದವನಾದ್ದರಿಂದ ಗಿಟಾರಿನ ತಂತಿಗಳನ್ನು ಬಿಚ್ಚಿ ತಿರುಗುಮುರುಗು ಕಟ್ಟಿಕೊಂಡಿದ್ದ. ಆ ಸಂಜೆ ಚರ್ಚಿನ ಸಭಾಂಗಣದಲ್ಲಿ ಎಡ್ಡಿ ಕಾಕ್ರನ್‌ನ 'ಟ್ವೆಂಟಿ ಫ್ಲೈಟ್ ರಾಕ್' ಹಾಡನ್ನು ಒಂದು ಮಾತೂ ತಪ್ಪದೆ ಹಾಡಿ ತೋರಿಸಿದ. ಗಿಟಾರನ್ನು ಶ್ರುತಿ ಮಾಡುವುದು ಹೇಗೆಂಬುದೂ ಅವನಿಗೆ ಗೊತ್ತಿತ್ತು. ಜಾನ್ ತಂಡದವರು ಅಲ್ಲಿಯವರೆಗೆ ಶ್ರುತಿ ಮಾಡಿಸಲು ಬೇರೆಯವರ ಬಳಿ ಹೋಗುತ್ತಿದ್ದರು!

ಈ ಭೇಟಿಯನ್ನು ಚರಿತ್ರೆಯ ಮಹಾಕ್ಷಣ ಎಂದು ಬಣ್ಣಿಸುವುದು ರೂಢಿ. ನನಗೆ ಆ ಭೇಟಿಗಿಂತ ಅದರ ನಂತರದ ಹದಿನೈದು ದಿನ ಮುಖ್ಯ. ತನಗಿಂತ ಚೆನ್ನಾಗಿ ನುಡಿಸುವವನನ್ನು ತಂಡಕ್ಕೆ ಸೇರಿಸಿಕೊಂಡರೆ ತನ್ನ ನಾಯಕತ್ವಕ್ಕೆ ಕುಂದು, ಬಿಟ್ಟರೆ ತಂಡಕ್ಕೆ ನಷ್ಟ. ಜಾನ್ ಇದನ್ನು ಯೋಚಿಸಿದ್ದನ್ನು ಮುಂದೆ ತಾನೇ ಒಪ್ಪಿಕೊಂಡಿದ್ದಾನೆ. ಹದಿನಾರರ ಹುಡುಗ ತನ್ನ ಗತ್ತನ್ನು ಬದಿಗಿಟ್ಟು ತಂಡವನ್ನು ಆರಿಸಿಕೊಂಡ. ಬಂದು ಸೇರು ಎಂದು ಹೇಳಿ ಕಳಿಸಿದ್ದು ಪೀಟ್ ಶಾಟನ್ ಕೈಲಿ. ಅಲ್ಲಿಂದ ಮುಂದಕ್ಕೆ ಆ ತಂಡದ ಜಾಯಮಾನವೇ ಬದಲಾಯಿತು.

ಪಾಲ್‌ನ ಮೊದಲ ಕಾರ್ಯಕ್ರಮ ಅದೇ ವರ್ಷದ ಅಕ್ಟೋಬರ್ 18ರಂದು, ನ್ಯೂ ಕ್ಲಬ್‌ಮೂರ್ ಹಾಲ್‌ನಲ್ಲಿ. 'ಗಿಟಾರ್ ಬೂಗಿ' ಎಂಬ ತುಣುಕಿನಲ್ಲಿ ಒಂಟಿಯಾಗಿ ನುಡಿಸುವ ಭಾಗ ಅವನದು. ಕೈ ನಡುಗಿತು, ಬೆರಳು ಅಂಟಿಕೊಂಡಂತಾಯಿತು, ಎಲ್ಲ ಕೆಟ್ಟಿತು. ಮುಂಚೂಣಿ ಗಿಟಾರು ನನ್ನ ಕೆಲಸವಲ್ಲ ಎಂದು ಪಾಲ್ ಅಂದೇ ಮನಸ್ಸಿನಲ್ಲಿ ಬರೆದುಕೊಂಡ. ಆ ಸೋಲೇ ಇನ್ನೊಬ್ಬನಿಗೆ ದಾರಿ ಮಾಡಿತು. ಶಾಲಾ ಬಸ್ಸಿನಲ್ಲಿ ಅವನಿಗೊಬ್ಬ ಗೆಳೆಯನಿದ್ದ, ಎಂಟು ತಿಂಗಳು ಚಿಕ್ಕವನು, ಬಸ್ ಚಾಲಕರೊಬ್ಬರ ಮಗ. ಹೆಸರು ಜಾರ್ಜ್ ಹ್ಯಾರಿಸನ್. 1958ರ ಆರಂಭದಲ್ಲಿ, ಒಂದು ರಾತ್ರಿ ಖಾಲಿ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಜಾರ್ಜ್ 'ರಾಂಚಿ' ಎಂಬ ವಾದ್ಯ ತುಣುಕನ್ನು ಸ್ವರ ಸ್ವರವೂ ಸರಿಯಾಗಿ ನುಡಿಸಿ ತೋರಿಸಿದ. ತೀರಾ ಚಿಕ್ಕ ಹುಡುಗ ಎಂದು ಜಾನ್‌ಗೆ ಹಿಂಜರಿಕೆಯಿತ್ತು. ಕಿವಿಯಲ್ಲಿ ಬಿದ್ದದ್ದನ್ನು ಮಾತ್ರ ಇಲ್ಲವೆನ್ನಲಾಗಲಿಲ್ಲ.

ಜಾರ್ಜ್ ಜೊತೆಗೆ ಇನ್ನೊಂದು ಮನೆಯೂ ಸಿಕ್ಕಿತು. ಅವನ ತಾಯಿ ಲೂಯಿಸ್‌ಗೆ ಈ ಹುಡುಗರ ಗದ್ದಲ ಕಂಡರೆ ಪ್ರೀತಿ. ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟು, ಚಹಾ ಮಾಡಿಕೊಟ್ಟು, ಮಗನ ಬೆರಳು ನೋಯುವವರೆಗೂ ಜೊತೆಗೆ ಕೂರುತ್ತಿದ್ದ ತಾಯಿ ಆಕೆ. ಅತ್ತ 20, ಫೋರ್ತ್‌ಲಿನ್ ರಸ್ತೆಯ ಪಾಲ್ ಮನೆಯಲ್ಲಿ ತಂದೆ ಜಿಮ್ ಹತ್ತಿ ಮಾರಾಟದ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನದ ಹೊತ್ತು ಮನೆ ಖಾಲಿ. ಜಾನ್, ಪಾಲ್ ಶಾಲೆ ತಪ್ಪಿಸಿ ಎದುರುಬದುರು ಕೂರುತ್ತಿದ್ದರು. ಒಬ್ಬ ಬಲಗೈಯವನು, ಇನ್ನೊಬ್ಬ ಎಡಗೈಯವನು. ಪರಸ್ಪರರ ಬೆರಳುಗಳು ಕನ್ನಡಿಯ ಬಿಂಬದಂತೆ ಕಾಣುತ್ತಿದ್ದವು, ಯಾರು ಯಾವ ಕಾರ್ಡ್ ಹಿಡಿದನೆಂದು ಕಣ್ಣೆತ್ತಿ ನೋಡಿದರೆ ಸಾಕು. ಶಾಲೆಯ ನೋಟ್‌ಬುಕ್ಕಿನಲ್ಲಿ ಹಾಡಿನ ಮಾತು ಮಾತ್ರ ಬರೆದಿಡುತ್ತಿದ್ದರು. ರಾಗ ಬರೆಯಲು ಇಬ್ಬರಿಗೂ ಬರುತ್ತಿರಲಿಲ್ಲ. ಮರುದಿನಕ್ಕೆ ನೆನಪಿಗೆ ಬಾರದ ರಾಗ ಇಟ್ಟುಕೊಳ್ಳಲು ಯೋಗ್ಯವಲ್ಲ ಎಂಬುದೇ ಅವರ ಒರೆಗಲ್ಲು. ಆ ಪುಟ್ಟ ಮನೆಯನ್ನು ಈಗ ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಕಾಪಾಡಿಕೊಂಡು ಬರುತ್ತಿದೆ.

1958ರ ಜುಲೈ 15ರಂದು ಜೂಲಿಯಾ ಅಕ್ಕ ಮಿಮಿಯ ಮನೆಯಿಂದ ಹೊರಟು ರಸ್ತೆ ದಾಟುತ್ತಿದ್ದಾಗ ಕಾರು ಬಡಿದು ತೀರಿಕೊಂಡರು. ಬ್ಯಾಂಜೊ ಕಲಿಸಿದ ಕೈ ಹೋಯಿತು. ತಾಯಿಯನ್ನು ಕಳೆದುಕೊಂಡ ಇಬ್ಬರು ಹುಡುಗರ ನಡುವೆ ಆಮೇಲೆ ಬೆಳೆದ ನಂಟಿಗೆ ಮಾತಿನ ಹಂಗಿರಲಿಲ್ಲ.

ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಮೋನಾ ಬೆಸ್ಟ್. ಆಕೆ ಹುಟ್ಟಿದ್ದು ದೆಹಲಿಯಲ್ಲಿ. ತಂದೆ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿ. ಹಿರಿಯ ಮಗ ಪೀಟ್ ಹುಟ್ಟಿದ್ದು 1941ರ ನವೆಂಬರ್ 24ರಂದು, ಮದ್ರಾಸಿನಲ್ಲಿ. ಯುದ್ಧ ಮುಗಿದ ಮೇಲೆ, 1945ರ ಕೊನೆಗೆ, ಕುಟುಂಬ ಬೊಂಬಾಯಿಯಲ್ಲಿ ಹಡಗು ಹತ್ತಿ ಲಿವರ್‌ಪೂಲಿಗೆ ಬಂತು. 1954ರ ಡರ್ಬಿ ಕುದುರೆ ಪಂದ್ಯದಲ್ಲಿ 'ನೆವರ್ ಸೇ ಡೈ' ಎಂಬ ಕುದುರೆಗೆ ಒಂದಕ್ಕೆ ಮೂವತ್ತಮೂರರ ದರವಿತ್ತು. ಎಂದರೆ ಅದು ಗೆಲ್ಲುವ ಭರವಸೆ ಯಾರಿಗೂ ಇರಲಿಲ್ಲ. ಮೋನಾ ತಮ್ಮ ಒಡವೆ ಒತ್ತೆಯಿಟ್ಟು ಅದರ ಮೇಲೆ ಹಣ ಕಟ್ಟಿದರು, ಹದಿನೆಂಟರ ಲೆಸ್ಟರ್ ಪಿಗಟ್ ಸವಾರಿಯಲ್ಲಿ ಕುದುರೆ ಗೆದ್ದಿತು. ಆ ಹಣದ ಬಲದಿಂದ ವೆಸ್ಟ್ ಡರ್ಬಿ ಬಡಾವಣೆಯ 8, ಹೇಮನ್ಸ್ ಗ್ರೀನ್‌ನಲ್ಲಿ ಹದಿನೈದು ಕೋಣೆಗಳ ಹಳೆಯ ಬಂಗಲೆಯನ್ನು ಕೊಂಡರು.

ಆ ಮನೆಯ ಕೆಳಗೆ ಕಲ್ಲಿದ್ದಲು ತುಂಬಿಡುವ ನೆಲಮಾಳಿಗೆಯಿತ್ತು. ಮಕ್ಕಳ ಗೆಳೆಯರೆಲ್ಲ ಅಲ್ಲಿಗೇ ಬರುತ್ತಾರಲ್ಲ, ಅವರಿಗೊಂದು ಕಾಫಿ ಕ್ಲಬ್ ಮಾಡಿಬಿಡೋಣ ಎಂದುಕೊಂಡರು ಮೋನಾ. ಹೆಸರು ಕಸ್ಬಾ. ನೆಲಮಾಳಿಗೆಗೆ ಬಣ್ಣ ಬಳಿಯಲು ಜಾನ್, ಪಾಲ್, ಜಾರ್ಜ್ ಬಂದರು. ಪಾಲ್ ಒಂದು ಚಾವಣಿಗೆ ಕಾಮನಬಿಲ್ಲಿನ ಪಟ್ಟೆಗಳನ್ನು ಬರೆದ. 1959ರ ಆಗಸ್ಟ್ 29ರಂದು ಬಾಗಿಲು ತೆರೆಯಿತು. ನುಡಿಸಬೇಕಾಗಿದ್ದ ಬೇರೊಂದು ತಂಡ ಜಗಳವಾಡಿ ಒಡೆದುಹೋಗಿ, ಆ ಜಾಗಕ್ಕೆ ಕ್ವಾರಿಮೆನ್ ಬಂದು ನಿಂತರು. ಡ್ರಮ್ ಬಾರಿಸುವವರೇ ಇಲ್ಲದೆ ನಾಲ್ಕು ಗಿಟಾರು ಹಿಡಿದು ನಿಂತ ತಂಡ. ಕಾರ್ಯಕ್ರಮ ಏರ್ಪಡಿಸುವವರು ತಾಳ ಎಲ್ಲಪ್ಪ ಎಂದು ಕೇಳಿದಾಗಲೆಲ್ಲ, ತಾಳ ಗಿಟಾರಿನಲ್ಲೇ ಇದೆ ಎಂದು ಹೇಳಿ ಸಾಗಹಾಕುತ್ತಿದ್ದರಂತೆ.

ಕೆಲವೇ ವಾರಗಳಲ್ಲಿ ಅಲ್ಲೂ ಜಗಳ. ರಾತ್ರಿಯೊಂದಕ್ಕೆ ಮೂರು ಪೌಂಡ್ ಸಂಬಳ, ತಲೆಗೆ 15 ಶಿಲ್ಲಿಂಗ್. ಮೈ ಹುಷಾರಿಲ್ಲದೆ ಒಂದು ರಾತ್ರಿ ನುಡಿಸಲಾಗದ ನಾಲ್ಕನೇ ಗಿಟಾರಿನ ಹುಡುಗ ಕೆನ್ ಬ್ರೌನ್‌ಗೂ ಮೋನಾ ಅವನ ಪಾಲು ಕೊಟ್ಟರು. ನುಡಿಸದವನಿಗೆ ಯಾಕೆ ಎಂದು ಉಳಿದ ಮೂವರು ಸಿಟ್ಟಾಗಿ ಹೊರಟೇಹೋದರು. ನನ್ನ ಮನಸ್ಸು ಮೋನಾ ಪರವೇ. ಕಾಯಿಲೆ ಬಿದ್ದ ಹುಡುಗನ ಕೂಲಿ ಕತ್ತರಿಸಲು ಆಕೆಗೆ ಕೈ ಬರಲಿಲ್ಲ.

ಚಿತ್ರಕಲಾ ಶಾಲೆಯಲ್ಲಿ ಜಾನ್‌ಗೆ ಸಿಕ್ಕ ಸ್ನೇಹಿತ ಸ್ಟುವರ್ಟ್ ಸಟ್‌ಕ್ಲಿಫ್. ಅಪ್ಪಟ ಚಿತ್ರಕಾರ. ವಾಕರ್ ಆರ್ಟ್ ಗ್ಯಾಲರಿಯ ಪ್ರದರ್ಶನದಲ್ಲಿದ್ದ ಅವನ ಚಿತ್ರವೊಂದು 65 ಪೌಂಡಿಗೆ ಮಾರಾಟವಾದಾಗ, ಆ ಹಣದ ಧೈರ್ಯದಲ್ಲಿ ಬೇಸ್ ಗಿಟಾರ್ ತಗೋ ಎಂದು ಜಾನ್ ಒತ್ತಾಯಿಸಿದ. ಸ್ಟುವರ್ಟ್‌ಗೆ ನುಡಿಸಲು ಬರುತ್ತಿರಲಿಲ್ಲ, ಗೆಳೆಯನಿಗಾಗಿ ಒಪ್ಪಿದ. ತಂಡದ ಹೊಸ ಹೆಸರು ಹುಟ್ಟಿದ್ದೂ ಇವರಿಬ್ಬರ ಮಾತುಕತೆಯಲ್ಲೇ. ಬಡ್ಡಿ ಹಾಲಿಯ ತಂಡಕ್ಕೆ ಕ್ರಿಕೆಟ್ಸ್, ಎಂದರೆ ಜೀರುಂಡೆಗಳು ಎಂದು ಹೆಸರಿತ್ತು. ಇವರು ಬೀಟಲ್ ಎಂಬ ಇನ್ನೊಂದು ಹುಳು ಹುಡುಕಿ, ತಾಳಕ್ಕೆ ಬೀಟ್ ಎನ್ನುತ್ತಾರಲ್ಲ, ಆ ಸದ್ದನ್ನೂ ಅದಕ್ಕೆ ಸೇರಿಸಿದರು. ಒಂದೆರಡು ಸಲ ರೂಪ ಬದಲಾಗಿ 1960ರ ಆಗಸ್ಟಿನಲ್ಲಿ 'ಬೀಟಲ್ಸ್' ನಿಂತಿತು.

ಅದೇ ತಿಂಗಳು ಜರ್ಮನಿಯ ಹ್ಯಾಂಬರ್ಗ್‌ನಿಂದ ಕರೆ ಬಂತು, ಊರಿನ ಕ್ಲಬ್ ಮಾಲೀಕ ಅಲನ್ ವಿಲಿಯಮ್ಸ್ ಮೂಲಕ. ಡ್ರಮ್ ಬಾರಿಸುವವನಿಲ್ಲದೆ ಹೋಗುವಂತಿರಲಿಲ್ಲ. ಆಗ ನೆನಪಾದದ್ದು ಮೋನಾ ಮಗ ಪೀಟ್. ಅವನ ಬಳಿ ಹೊಸ ಡ್ರಮ್ ಸೆಟ್ ಇತ್ತು. ಹೊರಡುವ ನಾಲ್ಕೈದು ದಿನ ಮುಂಚೆ ನುಡಿಸಿ ತೋರಿಸಿದ, ಸೇರಿದ. ಆಗಸ್ಟ್ 17ರ ರಾತ್ರಿ ಐವರೂ ಇಂದ್ರ ಎಂಬ ಕ್ಲಬ್‌ನಲ್ಲಿ ನುಡಿಸುತ್ತಿದ್ದರು. ಹ್ಯಾಂಬರ್ಗಿನ ಕ್ಲಬ್ಬಿಗೆ ನಮ್ಮ ದೇವರ ಹೆಸರು. ಒಳಗೆ ನಡೆಯುತ್ತಿದ್ದುದು ಮಾತ್ರ ದುಡಿತ. ವಾರದ ದಿನಗಳಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ. ಮಲಗಲು ಬಾಂಬಿ ಕಿನೊ ಎಂಬ ಸಿನಿಮಾ ಮಂದಿರದ ಪರದೆಯ ಹಿಂದಿನ ಕಿಟಕಿಯಿಲ್ಲದ ಗೂಡು, ಪಕ್ಕದಲ್ಲೇ ಶೌಚಾಲಯ. ಮಾಲೀಕ ಬ್ರೂನೊ ಕೋಶ್ಮಿಡರ್ ಕೆಳಗೆ ನಿಂತು ಕುಣಿದು ತೋರಿಸಿ ಎಂದು ಜರ್ಮನ್ ಭಾಷೆಯಲ್ಲಿ ಗದರುತ್ತಿದ್ದ.

ಆ ಮೊದಲ ಪ್ರಯಾಣದಲ್ಲೇ ನೂರಕ್ಕೂ ಹೆಚ್ಚು ರಾತ್ರಿ ನುಡಿಸಿದರು. ಗೊತ್ತಿದ್ದ ಹಾಡುಗಳು ಒಂದೇ ವಾರಕ್ಕೆ ಮುಗಿದಿರಬೇಕು. ಒಂದೇ ಹಾಡನ್ನು ಹತ್ತು ನಿಮಿಷ, ಹದಿನೈದು ನಿಮಿಷ ಎಳೆದರು, ಹೊಸದು ಕಲಿತರು, ಕುಡಿದು ಕೂಗುವ ನಾವಿಕರನ್ನು ಹಿಡಿದಿಡುವುದನ್ನು ಕಲಿತರು. ಹ್ಯಾಂಬರ್ಗಿನ ಈ ಸಾವಿರಾರು ಗಂಟೆಗಳ ಅಭ್ಯಾಸವೇ ಬೀಟಲ್ಸ್‌ನ ಗುಟ್ಟು ಎಂದು ಈಚೆಗೆ ಹೇಳುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಅದೇ ಬೀದಿಯಲ್ಲಿ, ಅಷ್ಟೇ ಹೊತ್ತು, ಲಿವರ್‌ಪೂಲಿನ ಬೇರೆ ತಂಡಗಳೂ ಬೆವರು ಸುರಿಸುತ್ತಿದ್ದವು. ಇವರಿಗೆ ಗಂಟೆಗಳ ಜೊತೆಗೆ ಫೋರ್ತ್‌ಲಿನ್ ರಸ್ತೆಯ ಮಧ್ಯಾಹ್ನಗಳಿದ್ದವು. ಇಬ್ಬರು ಕೂತು ಹಾಡು ಕಟ್ಟುವ ಅಭ್ಯಾಸ ಮೊದಲೇ ಕೈಗೂಡಿತ್ತು. ಇನ್ನು ಹದಿನೇಳರ ಹುಡುಗನನ್ನು ಇಂಥ ಗೂಡಿನಲ್ಲಿ ಮಲಗಿಸಿ ಬೆಳಗಿನ ಜಾವದವರೆಗೆ ದುಡಿಸಿದ್ದನ್ನು ಸಾಧನೆಯ ಹೆಸರಿನಲ್ಲಿ ಚೆಂದಗಾಣಿಸಲು ನನಗೆ ಮನಸ್ಸಿಲ್ಲ. ಜಾರ್ಜ್‌ಗೆ ಹದಿನೆಂಟು ತುಂಬಿಲ್ಲವೆಂದು ಗೊತ್ತಾಗಿ, ನವೆಂಬರಿನಲ್ಲಿ ಅವನನ್ನು ಜರ್ಮನಿಯಿಂದ ಹೊರಗೆ ಹಾಕಿದರು. ಸ್ವಲ್ಪ ದಿನಕ್ಕೆ, ಕೋಣೆಯಲ್ಲಿ ಬೆಂಕಿ ಹಚ್ಚಿದರೆಂಬ ಆರೋಪದ ಮೇಲೆ ಪಾಲ್ ಮತ್ತು ಪೀಟ್ ಕೂಡ ಹೊರಬಿದ್ದರು. ಒಬ್ಬೊಬ್ಬರಾಗಿ, ಬರಿಗೈಯಲ್ಲಿ, ಚಳಿಯಲ್ಲಿ ಮನೆ ಸೇರಿದರು.

ಆಗ ಮತ್ತೆ ಬಾಗಿಲು ತೆರೆದದ್ದು ಕಸ್ಬಾ. ಹ್ಯಾಂಬರ್ಗಿನಿಂದ ಮರಳಿದ ತಂಡ ಡಿಸೆಂಬರಿನಲ್ಲಿ ಮೊದಲು ನುಡಿಸಿದ್ದು ಮೋನಾ ನೆಲಮಾಳಿಗೆಯಲ್ಲೇ. ಡಿಸೆಂಬರ್ 27ರಂದು ಲಿದರ್‌ಲ್ಯಾಂಡ್ ಟೌನ್ ಹಾಲ್‌ನಲ್ಲಿ ಕಾರ್ಯಕ್ರಮ. ಹ್ಯಾಂಬರ್ಗಿನಿಂದ ನೇರವಾಗಿ ಬಂದವರು ಎಂಬ ಪ್ರಚಾರ ಓದಿ, ಇವರು ಜರ್ಮನರೆಂದೇ ಎಷ್ಟೋ ಜನ ತಿಳಿದಿದ್ದರು. ಪಾಲ್ ಹಾಡಲು ಬಾಯಿ ತೆರೆದದ್ದೇ ತಡ, ಕುಣಿಯಲು ಬಂದವರು ಕುಣಿತ ಬಿಟ್ಟು ವೇದಿಕೆಯತ್ತ ನುಗ್ಗಿದರು. ಊರಿನ ಹುಡುಗರನ್ನು ಊರು ಮೊದಲ ಸಲ ಕಂಡದ್ದು ಅಂದು.

ಸ್ಟುವರ್ಟ್ ಚಿತ್ರಕಲೆಗೂ ಪ್ರೀತಿಸಿದ ಹುಡುಗಿಗೂ ಒಲಿದು ಹ್ಯಾಂಬರ್ಗಿನಲ್ಲೇ ಉಳಿದ. ಬೇಸ್ ಗಿಟಾರ್ ಯಾರಿಗೂ ಬೇಡವಾಗಿತ್ತು, ಪಾಲ್ ಹೆಗಲಿಗೆ ಬಿತ್ತು. ಪಿಟೀಲಿನ ಆಕಾರದ ಹೋಫ್ನರ್ ಬೇಸ್ ಕೊಂಡ. ಆಕಾರ ಎರಡೂ ಬದಿ ಒಂದೇ ಸಮನಾಗಿರುವುದರಿಂದ ಎಡಗೈಯಲ್ಲಿ ಹಿಡಿದರೂ ಕಣ್ಣಿಗೆ ಓರೆಯೆನಿಸುವುದಿಲ್ಲ, ಬೆಲೆಯೂ ಕೈಗೆಟುಕುವಂತಿತ್ತು. ಮುಂದೆ ಅವನ ಗುರುತೇ ಆದ ವಾದ್ಯ ಅದು. ಸ್ಟುವರ್ಟ್ 1962ರ ಏಪ್ರಿಲ್ 10ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ, 21ರ ಹರೆಯದಲ್ಲಿ.

ಮ್ಯಾಥ್ಯೂ ಬೀದಿಯ ಕ್ಯಾವರ್ನ್ ಕ್ಲಬ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಉಗ್ರಾಣದ ಕೆಳಗಿನ ನೆಲಮಾಳಿಗೆ, ಇಟ್ಟಿಗೆಯ ಮೂರು ಕಮಾನು ಸುರಂಗ, ಗಾಳಿಯಾಡದೆ ಗೋಡೆಯೇ ಬೆವರುವ ಜಾಗ. 1961ರ ಫೆಬ್ರುವರಿ 9ರಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೀಟಲ್ಸ್ ಅಲ್ಲಿ ಮೊದಲ ಸಲ ನುಡಿಸಿದರು. ಕಚೇರಿಯ ಹುಡುಗಿಯರು, ಅಂಗಡಿಯ ಹುಡುಗರು ಬ್ರೆಡ್ ಕಚ್ಚುತ್ತ ಕೇಳುತ್ತಿದ್ದರು. 1963ರ ಆಗಸ್ಟ್ ವೇಳೆಗೆ ಅಲ್ಲಿ ಸುಮಾರು 290 ಕಾರ್ಯಕ್ರಮ ಕೊಟ್ಟಿದ್ದರೆಂದು ಎಣಿಕೆ. 1961ರ ನವೆಂಬರ್ 9ರ ಮಧ್ಯಾಹ್ನ ಅಲ್ಲಿಗೆ ಸೂಟು ತೊಟ್ಟು ಇಳಿದು ಬಂದವರು ಬ್ರಯನ್ ಎಪ್‌ಸ್ಟೀನ್, ಹತ್ತಿರದ ರೆಕಾರ್ಡ್ ಅಂಗಡಿಯ 27ರ ವ್ಯವಸ್ಥಾಪಕ. ಅವರ ಕುಟುಂಬದ ಅಂಗಡಿಯಿಂದಲೇ ಪಾಲ್ ಮನೆಯ ಪಿಯಾನೊ ಬಂದದ್ದು. ಎಪ್‌ಸ್ಟೀನ್ ತಂಡದ ಹೊಣೆ ಹೊತ್ತರು, ಲಂಡನ್ನಿಗೆ ಅಲೆದರು. 1962ರ ಜನವರಿ 1ರಂದು ಡೆಕ್ಕಾ ಕಂಪನಿಗಾಗಿ 15 ಹಾಡು ಹಾಡಿಸಿದರು, ಡೆಕ್ಕಾ ಬೇಡವೆಂದಿತು. ಜೂನ್ 6ರಂದು ಇಎಂಐ ಸ್ಟುಡಿಯೊದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕೇಳಿಸಿಕೊಂಡರು. ಹುಡುಗರು ಹಿಡಿಸಿದರು, ಡ್ರಮ್ ಹಿಡಿಸಲಿಲ್ಲ.

ಆಗಸ್ಟ್ 16ರಂದು ಎಪ್‌ಸ್ಟೀನ್ ಪೀಟ್‌ನನ್ನು ಕರೆದು, ನೀನಿನ್ನು ತಂಡದಲ್ಲಿಲ್ಲ ಎಂದರು. ಎರಡು ವರ್ಷ ಜೊತೆಯಲ್ಲಿ ನುಡಿಸಿದ ಮೂವರಲ್ಲಿ ಒಬ್ಬನೂ ಎದುರು ನಿಂತು ಈ ಮಾತು ಹೇಳಲಿಲ್ಲ. ಸಂಗೀತದ ಲೆಕ್ಕದಲ್ಲಿ ಬದಲಾವಣೆ ಸರಿ ಇದ್ದಿರಬಹುದು. ಹೇಳಿದ ರೀತಿ ಸರಿಯಲ್ಲ. ಶಾಟನ್ ತಲೆಯ ಮೇಲೆ ಹಲಗೆ ಮುರಿದ ದಿನ ಇದ್ದ ನೇರತನ ಈ ದಿನ ಇರಲಿಲ್ಲ.

ಪೀಟ್ ಜಾಗಕ್ಕೆ ಬಂದವನು ರಿಚರ್ಡ್ ಸ್ಟಾರ್ಕಿ, ರಿಂಗೊ ಸ್ಟಾರ್ ಎಂದರೆ ಎಲ್ಲರಿಗೂ ಗೊತ್ತು. ಅವನಿಗೂ ಒಂದು ಕೋಣೆಯ ಕಥೆಯಿದೆ. ಲಿವರ್‌ಪೂಲಿನ ಬಡ ಓಣಿ ಡಿಂಗಲ್‌ನ ಹುಡುಗ, ಬಾಲ್ಯದ ವರ್ಷಗಳನ್ನು ಆಸ್ಪತ್ರೆಗಳಲ್ಲೇ ಕಳೆದವನು. ಹದಿಮೂರರ ಸುಮಾರಿಗೆ ಎದೆಯ ಕಾಯಿಲೆಯಿಂದ ಬಹುಕಾಲ ಮಲಗಿದ್ದಾಗ, ಮಕ್ಕಳ ಬೇಸರ ಕಳೆಯಲು ವಾರ್ಡಿಗೆ ಪುಟ್ಟ ವಾದ್ಯಗಳನ್ನು ತಂದು ಹಂಚುತ್ತಿದ್ದರು. ಡ್ರಮ್ ಕೈಗೆ ಬಂದ ಮೇಲೆ ಅವನಿಗೆ ಬೇರೇನೂ ಬೇಡವಾಯಿತು. ವಾದ್ಯ ಇಲ್ಲದಾಗ ಹಾಸಿಗೆ ಪಕ್ಕದ ಕಪಾಟಿನ ಮೇಲೆ ನೂಲಿನ ಉರುಳೆಗಳಿಂದ ಬಾರಿಸುತ್ತಿದ್ದ. 1957ರ ಕ್ರಿಸ್‌ಮಸ್ ಹೊತ್ತಿಗೆ ಮಲತಂದೆ ಹ್ಯಾರಿ ಗ್ರೇವ್ಸ್ ಹಳೆಯದೊಂದು ಡ್ರಮ್ ಸೆಟ್ಟನ್ನು ರೈಲಿನಲ್ಲಿ ಹೊತ್ತು ತಂದರು. ರಿಂಗೊ ಎಡಗೈ ಅಭ್ಯಾಸದವನು, ಸೆಟ್ಟನ್ನು ಜೋಡಿಸಿಕೊಂಡದ್ದು ಬಲಗೈಯವರಂತೆ. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಹೊರಳುವಾಗ ಅವನ ಕೈ ಒಂದು ಕ್ಷಣ ಬೇರೆ ದಾರಿ ಹಿಡಿಯುತ್ತದೆ. ಆ ತಾಳದಲ್ಲಿ ಸಣ್ಣದೊಂದು ತೂಗಾಟ ಕೇಳುವುದು ಅದರಿಂದಲೇ. 1962ರ ಆಗಸ್ಟ್ 18ರಂದು ಪೋರ್ಟ್ ಸನ್‌ಲೈಟ್‌ನ ಹ್ಯೂಮ್ ಹಾಲ್‌ನಲ್ಲಿ ನಾಲ್ವರೂ ತಂಡವಾಗಿ ಮೊದಲ ಸಲ ನಿಂತರು. ಅಕ್ಟೋಬರ್ 5ರಂದು ಬಿಡುಗಡೆಯಾದ 'ಲವ್ ಮಿ ಡು' ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನದವರೆಗೆ ಏರಿತು. ಊರ ತಂಡವಾಗಿದ್ದ ದಿನಗಳು ಅಲ್ಲಿಗೆ ಮುಗಿಯುತ್ತ ಬಂದವು.

ಮೋನಾ ಕಸ್ಬಾವನ್ನು ಅದಕ್ಕೆ ಮೂರು ತಿಂಗಳು ಮೊದಲೇ ಮುಚ್ಚಿದ್ದರು. 1962ರ ಜೂನ್ 24, ಕೊನೆಯ ರಾತ್ರಿ ನುಡಿಸಿದವರೂ ಬೀಟಲ್ಸ್, ಡ್ರಮ್ ಹಿಂದೆ ಮಗ ಪೀಟ್. ಚಾವಣಿಯ ಮೇಲಿನ ಕಾಮನಬಿಲ್ಲಿನ ಪಟ್ಟೆಗಳು ಹಾಗೇ ಉಳಿದಿವೆ. 2006ರಲ್ಲಿ ಆ ನೆಲಮಾಳಿಗೆಯನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು.

1967ರಲ್ಲಿ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್‌ನ ಹೊದಿಕೆಗಾಗಿ ನಾಲ್ವರೂ ಬಣ್ಣಬಣ್ಣದ ಬ್ಯಾಂಡ್ ಸಮವಸ್ತ್ರ ತೊಟ್ಟು ಫೋಟೊಗೆ ನಿಲ್ಲಬೇಕಿತ್ತು. ಜಾನ್‌ಗೆ ಎದೆಯ ಮೇಲೆ ತೊಡಲು ಪದಕಗಳು ಬೇಕಾಗಿದ್ದವು. ಕಸ್ಬಾದಲ್ಲಿ ಬಣ್ಣ ಬಳಿಯುವ ದಿನಗಳಲ್ಲಿ ಮೋನಾ ಮನೆಯಲ್ಲಿ ಕಂಡಿದ್ದ ಪದಕಗಳು ಅವನಿಗೆ ನೆನಪಿದ್ದವು. ಭಾರತದಲ್ಲಿ ಸೇನಾಧಿಕಾರಿಯಾಗಿದ್ದ ಅವರ ತಂದೆಯ ಪದಕಗಳು. ಮಗನನ್ನು ತಂಡದಿಂದ ಹೊರಹಾಕಿ ಆಗ ಐದು ವರ್ಷವಾಗುತ್ತ ಬಂದಿತ್ತು. ಕೊಡುತ್ತೀರಾ ಎಂದು ಜಾನ್ ಕೇಳಿದ. ಮೋನಾ ಪದಕಗಳನ್ನು ತೆಗೆದು ಕೊಟ್ಟರು.